ಹೊಕ್ಕುಳಬಳ್ಳಿ ರಕ್ತ ಸಂಗ್ರಹ: ಸೇವೆ ಅಚ್ಚುಕಟ್ಟು, ಭರವಸೆ ಅತಿಯಾಯಿತು

ನಮ್ಮ ಮಗುವಿನ ಹೆರಿಗೆಯ ವೇಳೆ ಬೆಂಗಳೂರಿನಲ್ಲಿ ಖಾಸಗಿ ಕಾಂಡಕೋಶ ಬ್ಯಾಂಕೊಂದರ ಸೇವೆಯನ್ನು ಪಡೆದೆವು; ಹೊಕ್ಕುಳಬಳ್ಳಿಯ ರಕ್ತದಲ್ಲಿರುವ ಕಾಂಡಕೋಶಗಳನ್ನು, ಅಂದರೆ ಹೊಸ ರಕ್ತಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶಗಳನ್ನು, ಮುಂದಿನ ಚಿಕಿತ್ಸೆಗೆಂದು ಕಾಪಿಡುವ ಸಂಸ್ಥೆಯಿದು. ಕೆಲಸದಲ್ಲಿ ಕುಂದಿಲ್ಲ: ಬಳ್ಳಿ ಕತ್ತರಿಸಿದ ಮೇಲೆ ಅದರಲ್ಲಿ ಉಳಿದ ರಕ್ತವನ್ನು ಸೂಜಿಯ ಮೂಲಕ ಚೀಲಕ್ಕೆ ಇಳಿಸಿ, ಬಾರ್‌ಕೋಡ್ ಅಂಟಿಸಿ, ಅಂದೇ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ಅದನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರಂತೆ.

ತಕರಾರಿರುವುದು ಮಾರಾಟದ ಮಾತಿನ ಬಗ್ಗೆ. ಬಸುರಿಯ ಆತಂಕವನ್ನೇ ಬಂಡವಾಳ ಮಾಡಿಕೊಂಡಂತಿದ್ದ ಕರಪತ್ರದಲ್ಲಿ ಥಲಸ್ಸೇಮಿಯಾ (ಆನುವಂಶಿಕ ರಕ್ತದ ಕಾಯಿಲೆ) ಮೊದಲುಗೊಂಡು ಆಟಿಸಂವರೆಗೆ ಎಲ್ಲವೂ ಈ ರಕ್ತ ನೆರವಾಗುವ ತೊಂದರೆಗಳೆಂದು ಒಂದೇ ಪಟ್ಟಿಯಲ್ಲಿದ್ದವು; ಆದರೆ ಥಲಸ್ಸೇಮಿಯಾ ಇರುವ ಮಗುವಿನ ಸ್ವಂತ ಕಾಂಡಕೋಶಗಳಲ್ಲೂ ಅದೇ ಜೀನ್ ದೋಷ ಇರುವುದರಿಂದ, ಕೂಡಿಟ್ಟ ರಕ್ತ ಹಾಗೆಯೇ ಆ ಮಗುವಿನ ಚಿಕಿತ್ಸೆಗೆ ಒದಗದು ಎಂಬುದನ್ನು ಎಲ್ಲಿಯೂ ಬರೆದಿರಲಿಲ್ಲ. 1988ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಹೊಕ್ಕುಳಬಳ್ಳಿ ರಕ್ತದ ಮೊತ್ತಮೊದಲ ಕಸಿಯಲ್ಲಿ ಫ್ಯಾಂಕೋನಿ ರಕ್ತಹೀನತೆಯೆಂಬ ಆನುವಂಶಿಕ ಕಾಯಿಲೆಯಿದ್ದ ಬಾಲಕನಿಗೆ ನೆರವಾದದ್ದೂ ಅವನ ತಂಗಿಯ ಬಳ್ಳಿಯ ರಕ್ತವೇ ಹೊರತು ಅವನದಲ್ಲ. ಸ್ವಂತ ಬಳಕೆಗೆಂದು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ 2017ರ ಮಾರ್ಗಸೂಚಿಯಲ್ಲಿಯೇ ಹೇಳಿದೆ.

ಮನೆಯಲ್ಲಿ ಈಗಾಗಲೇ ಕಸಿ ಬೇಕಾದ ಹಿರಿಯ ಮಗುವಿದ್ದರೆ ಮಾತು ಬೇರೆ, ಅಂಥವರು ತಜ್ಞ ವೈದ್ಯರನ್ನು ಕೇಳಿ ಮುಂದುವರಿಯಬಹುದು. ಉಳಿದವರಿಗೆ ಈ ಸೇವೆಯನ್ನು ನಾನು ಶಿಫಾರಸು ಮಾಡಲಾರೆ.