ಮುರುಗಲ ಪಾನಕ: ಬಿಸಿಲಿನ ಪಾಕ, ಒಲೆಯ ಪಾಕ, ಅಂಗಡಿಯ ಒಣಸಿಪ್ಪೆ

ಹೋದ ವರ್ಷ ಮೇ ತಿಂಗಳಿನಲ್ಲಿ, ಮಗನ ಉಪನಯನದ ಹಿಂದಿನ ರಾತ್ರಿ, ಹತ್ತು ಲೀಟರಿನ ಪಾತ್ರೆಯ ತುಂಬ ಕಲಸಿಟ್ಟಿದ್ದ ಮುರುಗಲ (ಕೋಕಂ, ಪುನರ್ಪುಳಿ ಎಂದೂ ಕರೆಯುವ ಹುಳಿಹಣ್ಣಿನ) ಪಾನಕವನ್ನು ನಾನು ತೆಂಗಿನ ಬುಡಕ್ಕೆ ಚೆಲ್ಲಬೇಕಾಯಿತು. ಅದು ಹಳಸಿರಲಿಲ್ಲ, ಬಣ್ಣವೂ ಚೆನ್ನಾಗಿಯೇ ಇತ್ತು. ಆದರೆ ಉಪ್ಪಾಗಿತ್ತು, ಎಷ್ಟು ಸಕ್ಕರೆ ಸುರಿದರೂ ಆ ಉಪ್ಪು ನಾಲಿಗೆಯ ಬುಡದಲ್ಲಿ ಉಳಿದೇ ಉಳಿಯುತ್ತಿತ್ತು. ಪೇಟೆಯ ಒಣಸಿಪ್ಪೆಯನ್ನು ನಂಬಿದ್ದರಿಂದ ಹಾಗಾಯಿತು. ಅದು ಮರುಕಳಿಸಬಾರದೆಂದು ಈ ವರ್ಷ ಒಂದೇ ಹಂಗಾಮಿನಲ್ಲಿ ಮೂರು ಬಗೆಯಲ್ಲಿಯೂ ಪಾನಕ ಮಾಡಿ, ಒಂದೇ ಮಧ್ಯಾಹ್ನ ಮೂರು ಲೋಟಗಳನ್ನು ಪಕ್ಕಪಕ್ಕದಲ್ಲಿಟ್ಟು ಕುಡಿದು ನೋಡಿದೆವು: ಸಕ್ಕರೆಯೊಡನೆ ಬಿಸಿಲಿಗಿಟ್ಟು ಬಸಿದ ಪಾಕ, ಒಲೆಯ ಮೇಲೆ ಕುದಿಸಿದ ಪಾಕ, ಒಣಸಿಪ್ಪೆಯನ್ನು ಆಗಿಂದಾಗ ನೆನೆಸಿ ಹಿಂಡಿದ ರಸ. ನನ್ನ ಒಲವು ಬಿಸಿಲಿನ ಪಾಕದ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಅದು ನನ್ನ ಆಯಿಯ, ಅಂದರೆ ಅಮ್ಮನ, ಪಾಕ.

ನನ್ನ ತವರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿಯ ದಂಡೆಗೆ ಹತ್ತಿರ. ಏಪ್ರಿಲ್ ಮುಗಿಯುವ ಹೊತ್ತಿಗೆ ಬೆಟ್ಟದಿಂದ ಬುಟ್ಟಿಗಟ್ಟಲೆ ಮುರುಗಲ ಹಣ್ಣು ಬರುತ್ತಿತ್ತು. ಹಣ್ಣನ್ನು ಎರಡು ಹೋಳು ಮಾಡುವುದು, ಬೀಜದ ಸುತ್ತಲಿನ ಬಿಳಿ ತಿರುಳನ್ನು ಚೀಪಿ ಬೀಜವನ್ನು ಬೇರೆ ರಾಶಿ ಹಾಕುವುದು ಮಕ್ಕಳಾದ ನಮ್ಮ ಕೆಲಸ. ಆ ಬೀಜದಿಂದ ತೆಗೆದ ಮುರುಗಲ ತುಪ್ಪವೇ ಚಳಿಗಾಲದಲ್ಲಿ ಮನೆಯವರೆಲ್ಲರ ಒಡೆದ ಹಿಮ್ಮಡಿಗೆ ಔಷಧಿ. ಬಿಸಿಲಿನಲ್ಲಿ ಯಾರೇ ಅಂಗಳ ಹತ್ತಿ ಬಂದರೂ ಆಯಿ ಕೇಳುತ್ತಿದ್ದ ಮೊದಲ ಮಾತು 'ಆಸರಿಗೆ ಎಂತ ಬೇಕು?' (ಕುಡಿಯಲು ಏನು ಬೇಕು?) ಎಂಬುದು. ಉತ್ತರಕ್ಕೆ ಕಾಯದೆ ಅವಳು ಭರಣಿಯ ಬಾಯಿ ಬಿಚ್ಚುತ್ತಿದ್ದಳು. ನನ್ನ ಬಿಳಿ ಲಂಗದ ಮೇಲೆ ಬಿದ್ದ ಕಲೆಗೆ ಸೋಪು ಹಚ್ಚಿದಾಗ ಕೆಂಪು ಹೋಗಿ ನೀಲಿಯಾಗುತ್ತಿದ್ದುದು, ಅದಕ್ಕೆ ಅವಳು ನಿಂಬೆ ಹಿಂಡಿದಾಗ ಮತ್ತೆ ಕೆಂಪಾಗುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮುರುಗಲ ಸಿಪ್ಪೆಯ ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಅದು ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಕಾಯಿಸಿದರೆ ಅದು ಕ್ರಮೇಣ ಕೆಡುತ್ತದೆ ಎಂಬುದು ಈ ಹೋಲಿಕೆಗೆ ಮುಖ್ಯವಾದ ಸಂಗತಿ.

ಬಿಸಿಲಿನ ಪಾಕಕ್ಕೆ ನಾನು ಒಂದು ಕಿಲೋ ಹಸಿ ಸಿಪ್ಪೆಗೆ ಎರಡು ಕಿಲೋ ಸಕ್ಕರೆ ಹಾಕುತ್ತೇನೆ. ಹಣ್ಣನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ತೇವ ಪೂರ್ತಿ ಆರಿದ ಮೇಲೆಯೇ ಹೋಳು ಮಾಡಬೇಕು. ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಅದರ ಮೇಲೊಂದು ಪದರ ಸಕ್ಕರೆ ಹರಡುತ್ತ ಹೋಗಿ, ಕೊನೆಗೆ ಮೇಲ್ಭಾಗವನ್ನು ಸಕ್ಕರೆಯಿಂದಲೇ ಮುಚ್ಚಿ, ತೆಳು ಬಟ್ಟೆ ಕಟ್ಟಿ ಎಂಟು ದಿನ ಬಿಸಿಲಿಗಿಡುವುದು. ಎರಡನೆಯ ದಿನಕ್ಕೆ ಸಕ್ಕರೆಯೇ ಸಿಪ್ಪೆಯ ರಸವನ್ನು ಎಳೆದು ತಾನು ಕರಗತೊಡಗುತ್ತದೆ. ಒಂದು ಹನಿ ನೀರೂ ಬೇಡ. ಬಸಿದ ಮೇಲೆ ಒಂದೂವರೆ ಲೀಟರಿಗಿಂತ ತುಸು ಹೆಚ್ಚು ಪಾಕ ಸಿಗುತ್ತದೆ, ಮತ್ತು ಉಳಿದ ಸಿಪ್ಪೆಯನ್ನು ಇನ್ನೆರಡು ದಿನ ಒಣಗಿಸಿದರೆ ಮಕ್ಕಳು ಮಿಠಾಯಿಯಂತೆ ತಿನ್ನುತ್ತಾರೆ. ಒಂದು ಪಾಲು ಪಾಕಕ್ಕೆ ಐದು ಪಾಲು ನೀರು, ಚಿಟಿಕೆ ಹುರಿದ ಜೀರಿಗೆಪುಡಿ.

ಇದರ ತೊಂದರೆ ಒಂದೇ, ಅದು ಮಳೆ. ಮದುವೆಯಾಗಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದ ಮೊದಲ ವರ್ಷ ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಗೆ ಭರಣಿಯ ಬಟ್ಟೆ ನೆನೆದು, ನೀರು ಒಳಗಿಳಿದು, ನಾಲ್ಕನೆಯ ದಿನ ಪಾಕ ನೊರೆ ಬಂದು ಹೆಂಡದ ವಾಸನೆ ಹೊಡೆಯಿತು. ಸಕ್ಕರೆ ಗಟ್ಟಿಯಾಗಿದ್ದಷ್ಟು ದಿನ ಪಾಕ ಕೆಡುವುದಿಲ್ಲ, ನೀರಾದೊಡನೆ ಹುದುಗತೊಡಗುತ್ತದೆ. ಅಂದಿನಿಂದ ಮಧ್ಯಾಹ್ನ ಎರಡು ಗಂಟೆಯೊಳಗೆ ಭರಣಿಯನ್ನು ಒಳಗೆ ತರುತ್ತೇನೆ, ಮತ್ತು ಏಪ್ರಿಲ್ ಕೊನೆಯ ವಾರದಲ್ಲಿಯೇ ಕೆಲಸ ಮುಗಿಸುತ್ತೇನೆ.

ಇನ್ನು ಒಣಸಿಪ್ಪೆಯ ವಿಷಯ. ಉಪನಯನದ ವರ್ಷ ಮರಗಳು ಸರಿಯಾಗಿ ಬಿಟ್ಟಿರಲಿಲ್ಲ. ಮನೆಯಲ್ಲಿ ಒಂದೇ ಬಾಟಲಿ ಪಾಕವಿತ್ತು, ನೂರೈವತ್ತು ಜನ ಬರುವವರಿದ್ದರು. ಪೇಟೆಯ ಅಂಗಡಿಯೊಂದರಿಂದ ಒಂದು ಕಿಲೋ ಒಣಸಿಪ್ಪೆ ತಂದೆ. ಪಾನಕಕ್ಕೆ ಎಂದು ಹೇಳಿಯೇ ಕೇಳಿದ್ದೆ, ಆಗುತ್ತದೆ ಎಂದು ಕೊಟ್ಟರು. ಕಪ್ಪುಗೆಂಪು ಬಣ್ಣ, ಮೆತ್ತಗಿನ ಮೈ, ಒಳ್ಳೆಯ ಹುಳಿವಾಸನೆ. ಮೆತ್ತಗಿದ್ದುದನ್ನು ನಾನು ಹೊಸ ಮಾಲು ಎಂದು ತಿಳಿದೆ. ಅದು ಉಪ್ಪು ಎಳೆದುಕೊಂಡ ತೇವವೆಂಬುದು ಹೊಳೆಯಲಿಲ್ಲ.

ಅಡುಗೆಗೆಂದು ಒಣಗಿಸುವ ಸಿಪ್ಪೆಗೆ ಉಪ್ಪು ಹಾಕುವುದು ತಪ್ಪೇನಲ್ಲ. ಸಿಪ್ಪೆಯನ್ನು ಹಣ್ಣಿನದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸುವಾಗ ಉಪ್ಪು ಬೆರೆಸಿದರೆ ಮಳೆಗಾಲದಲ್ಲಿ ಬೂಸಲು ಹಿಡಿಯುವುದಿಲ್ಲ, ಮತ್ತು ಆ ಸಿಪ್ಪೆ ಕಾರವಾರದ ಕಡೆ ತೆಂಗಿನಹಾಲು ಬೆರೆಸಿ ಮಾಡುವ ಸೋಲಕಡಿಗೂ ಮೀನಿನ ಸಾರಿಗೂ ಹೇಳಿ ಮಾಡಿಸಿದಂತಿರುತ್ತದೆ. ಸಾರಿಗೆ ಹೇಗೂ ಉಪ್ಪು ಬೇಕಲ್ಲವೇ? ನನ್ನ ದೂರು ಅಷ್ಟೇ: ಉಪ್ಪಿನ ಸಿಪ್ಪೆ, ಉಪ್ಪಿಲ್ಲದ ಸಿಪ್ಪೆ ಎಂಬ ಭೇದವನ್ನು ಮಾರುವವರು ಹೇಳಬೇಕಿತ್ತು.

ರಾತ್ರಿ ಎಂಟಕ್ಕೆ ನೆನೆಸಿದ ಸಿಪ್ಪೆಯನ್ನು ಹಿಂಡಿ, ಸಕ್ಕರೆ ಬೆರೆಸಿ ರುಚಿ ನೋಡಿದಾಗ ಎದೆ ಧಸಕ್ಕೆಂದಿತು. ಅದನ್ನು ಚೆಲ್ಲಿ, ಉಳಿದ ಅರ್ಧ ಕಿಲೋ ಸಿಪ್ಪೆಯನ್ನು ತೊಳೆದೆ. ಮೊದಲ ನೀರು ದಟ್ಟ ಕೆಂಪಾಗಿ ಹೋಯಿತು, ಎರಡನೆಯದು ತಿಳಿಗೆಂಪು, ಮೂರನೆಯದು ಗುಲಾಬಿ. ಮೂರು ನೀರು ಹೋದ ಮೇಲೆ ಹಿಂಡಿದ ರಸದಲ್ಲಿ ಉಪ್ಪು ಕಡಿಮೆಯಾಗಿತ್ತು, ನಿಜ, ಆದರೆ ಹುಳಿಯೂ ಬಣ್ಣವೂ ಅದರೊಂದಿಗೇ ಹೋಗಿದ್ದವು. ಉಪ್ಪು, ಹುಳಿ, ಬಣ್ಣ ಮೂರೂ ನೀರಿನಲ್ಲಿ ಕರಗುವಂಥವೇ ಆಗಿರುವಾಗ ಒಂದನ್ನು ಮಾತ್ರ ತೊಳೆದು ತೆಗೆಯಲು ಬರುವುದಿಲ್ಲ. ಬಿಸಿನೀರು ಹಾಕಿದರೆ ಇನ್ನೂ ಬೇಗ ಸಪ್ಪೆಯಾಗುತ್ತದೆ. ಬೆಲ್ಲ ಹಾಕಿ ಮರೆಸಲು ನೋಡಿದರೆ ಉಪ್ಪುಬೆಲ್ಲದ ಬೇರೆಯೇ ರುಚಿ. ಕೊನೆಗೆ ಮರುದಿನ ಬಂದವರಿಗೆ ಬೆಲ್ಲ-ನೀರು ಮತ್ತು ಮಜ್ಜಿಗೆ ಕೊಟ್ಟೆವು. ಯಾರೂ ಏನೂ ಅನ್ನಲಿಲ್ಲ. ಆದರೆ ಹಣ್ಣುಹಣ್ಣಾದ ಆಯಿ, ಮೊಮ್ಮಗನ ಉಪನಯನಕ್ಕೆ ಘಟ್ಟ ಹತ್ತಿ ಬಂದವಳು, ಲೋಟ ಕೈಗೆ ತೆಗೆದುಕೊಂಡು 'ಮುರುಗಲು ಇಲ್ಲೆಯ?' ಎಂದು ಕೇಳಿದ್ದು ನನಗೆ ಇನ್ನೂ ನೋವು ಕೊಡುತ್ತದೆ.

ಈ ವರ್ಷ ಹೋಲಿಕೆಗೆಂದು ಉಪ್ಪಿಲ್ಲದ ಒಣಸಿಪ್ಪೆಯನ್ನೇ ಹುಡುಕಿ ತಂದೆ. ಕೊಳ್ಳುವ ಮೊದಲು ಒಂದು ಚೂರನ್ನು ಬಾಯಿಗೆ ಹಾಕಿಕೊಳ್ಳಿ, ಅದಕ್ಕಿಂತ ಬೇರೆ ಪರೀಕ್ಷೆ ಬೇಡ. ಪೂರ್ತಿ ಕಪ್ಪಾಗಿದ್ದು ಹೊಗೆಯ ವಾಸನೆ ಬರುತ್ತಿದ್ದರೆ ಅದು 'ಉಪ್ಪಾಗೆ' ಎಂಬ ಬೇರೆ ಮರದ ಹಣ್ಣಿನ ಸಿಪ್ಪೆ ಇರಬಹುದು. ಉಪ್ಪಿಲ್ಲದ ಸಿಪ್ಪೆಯ ಪಾನಕ ಕೆಟ್ಟದ್ದಲ್ಲ; ಹುಳಿ ಚುರುಕಾಗಿದೆ, ಆದರೆ ಹಸಿ ಹಣ್ಣಿನ ಕಂಪು ಇಲ್ಲ. ಸಕ್ಕರೆ ಎಷ್ಟು ಬೇಕೋ ಅಷ್ಟೇ ಹಾಕಬಹುದೆಂಬುದು ಅದರ ದೊಡ್ಡ ಗುಣ, ಮಧುಮೇಹವಿರುವ ನನ್ನ ಅಣ್ಣನಿಗೆ ನಾನು ಸಕ್ಕರೆಯೇ ಇಲ್ಲದೆ ಅದನ್ನೇ ಕೊಟ್ಟೆ.

ಒಲೆಯ ಪಾಕ ಅರ್ಧ ದಿನದ ಕೆಲಸ. ಸಿಪ್ಪೆಯನ್ನು ನೀರಿನಲ್ಲಿ ಬೇಯಿಸಿ, ಸೋಸಿ, ಸಕ್ಕರೆ ಹಾಕಿ ಎಳೆಪಾಕಕ್ಕೆ ಸ್ವಲ್ಪ ಮೊದಲೇ ಇಳಿಸಿದೆ. ಮಳೆಯ ಭಯವಿಲ್ಲ, ಸಕ್ಕರೆಯೂ ಸ್ವಲ್ಪ ಕಡಿಮೆ ಸಾಕು. ಪಾತ್ರೆ ಮಾತ್ರ ಸ್ಟೀಲಿನದೇ ಆಗಬೇಕು, ಅಲ್ಯುಮಿನಿಯಂ ಮತ್ತು ಕಲಾಯಿ ಇಲ್ಲದ ತಾಮ್ರ ಈ ಹುಳಿಗೆ ಕರಗುತ್ತವೆ. ಮೂರು ಲೋಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಬಿಸಿಲಿನದು ಮಾಣಿಕ್ಯದಂತೆ ಕೆಂಪಾಗಿತ್ತು, ಒಲೆಯದು ಇಟ್ಟಿಗೆಯ ಕಡೆಗೆ ವಾಲಿತ್ತು. ಕುಡಿದರೆ ಬೇಯಿಸಿದ ಹಣ್ಣಿನ ರುಚಿ ಮುಂದೆ ಬಂದು ಹಣ್ಣಿನ ಕಂಪು ಹಿಂದೆ ಉಳಿಯುತ್ತದೆ. ನನ್ನ ಮಗನಿಗೆ ಇದೇ ಹಿಡಿಸಿತು, ಅದನ್ನೂ ಹೇಳಬೇಕು.

ಖರ್ಚಿನ ಲೆಕ್ಕದಲ್ಲಿ ನನಗೆ ದೊಡ್ಡ ವ್ಯತ್ಯಾಸವಿಲ್ಲ. ಹಣ್ಣು ತವರಿನಿಂದ ಬರುತ್ತದೆ, ಬಿಸಿಲಿಗೆ ದುಡ್ಡಿಲ್ಲ, ಎರಡು ಕಿಲೋ ಸಕ್ಕರೆಗೆ 90 ರೂಪಾಯಿ; ಒಲೆಯ ಪಾಕದಲ್ಲಿ ಉಳಿಯುವ ಸಕ್ಕರೆಯ ಹಣ ಗ್ಯಾಸಿಗೆ ಹೋಗುತ್ತದೆ. ಹಣ್ಣನ್ನೂ ಕೊಳ್ಳಬೇಕಾದವರಿಗೆ, ಅಂಗಳವಿಲ್ಲದವರಿಗೆ ಈ ಲೆಕ್ಕ ಬೇರೆ. ಬೆಂಗಳೂರಿನ ಮೂರನೆಯ ಮಹಡಿಯಲ್ಲಿರುವ ತಂಗಿಗೆ ಉಪ್ಪಿಲ್ಲದ ಒಣಸಿಪ್ಪೆಯನ್ನೇ ಕಟ್ಟಿ ಕಳಿಸಿದ್ದೇನೆ. ಮೇ ಕೊನೆಯಲ್ಲಿ ಹಣ್ಣು ಕೈಗೆ ಬಂದವರು ಬಿಸಿಲನ್ನು ಕಾಯದೆ ಒಲೆ ಹಚ್ಚುವುದೇ ಮೇಲು. ನನಗಾದರೆ ಬೆಳಿಗ್ಗೆ ಭರಣಿ ಹೊರಗಿಟ್ಟು ಮಧ್ಯಾಹ್ನ ಒಳಗೆ ತರುವ ಅಭ್ಯಾಸ ಇದೆ, ಮನೆಯಲ್ಲಿ ಇಡೀ ದಿನ ಇರುತ್ತೇನೆ, ಫ್ರಿಜ್ಜಿನಲ್ಲಿ ಜಾಗವಿಲ್ಲ, ಬಿಸಿಲಿನ ಪಾಕ ಹೊರಗಿಟ್ಟರೂ ಮುಂದಿನ ಬೇಸಿಗೆಯವರೆಗೆ ಬಾಳುತ್ತದೆ.

ಈ ಸಲ ನಾಲ್ಕು ಕಿಲೋ ಸಿಪ್ಪೆಯ ಪಾಕ ಹಾಕಿದ್ದೆ, ಒಂಬತ್ತು ಬಾಟಲಿಗಳಾದವು. ಮೊದಲ ಬಾಟಲಿಯನ್ನು ಕುಮಟಾಕ್ಕೆ ಒಯ್ದು ಆಯಿಯ ಎದುರಿಗೇ ಬಿಚ್ಚಿದೆ. ಅವಳು ಅರ್ಧ ಲೋಟ ಕುಡಿದು, ಜೀರಿಗೆ ಜಾಸ್ತಿಯಾಯಿತು ಎಂದಳು.