12 ಪೌಂಡರ್, ಕುದುರೆ ಫಿರಂಗಿ, ಹೋವಿಟ್ಜರ್: ‘ನೆಪೋಲಿಯನ್: ಟೋಟಲ್ ವಾರ್’ನಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ

ಸೈನ್ಯ ಕಟ್ಟಿ ಯುದ್ಧ ನಡೆಸುವ ‘ನೆಪೋಲಿಯನ್: ಟೋಟಲ್ ವಾರ್’ ಎಂಬ ಕಂಪ್ಯೂಟರ್ ಆಟದಲ್ಲಿ ಫಿರಂಗಿಗೆ ಹಣ ಹಾಕುವುದಾದರೆ 6 ಪೌಂಡರ್ (ಅಂದರೆ 6 ಪೌಂಡ್ ತೂಕದ ಗುಂಡು ಹಾರಿಸುವ) ಕುದುರೆ ಫಿರಂಗಿಗೇ ಹಾಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಈ ಅಭಿಪ್ರಾಯಕ್ಕೆ ಬಂದದ್ದು ಒಂದು ಕೆಟ್ಟ ಖರೀದಿಯ ನಂತರ. 1805ರ ಯುರೋಪ್ ಕ್ಯಾಂಪೇನಿನಲ್ಲಿ ಫ್ರಾನ್ಸ್ ಪರವಾಗಿ ಆಡುತ್ತಿದ್ದಾಗ, ಹಲವು ಟರ್ನ್‌ಗಳಿಂದ (ಆಟದ ಸರದಿಗಳಿಂದ) ಕೂಡಿಟ್ಟ ಹಣವನ್ನೆಲ್ಲ ಸುರಿದು 12 ಪೌಂಡರ್ ಫಿರಂಗಿಗಳ ನಾಲ್ಕು ದಳಗಳನ್ನು ಒಂದೇ ಸೈನ್ಯಕ್ಕೆ ಸೇರಿಸಿದೆ. ಆ ಸೈನ್ಯ ವಿಯೆನ್ನಾದ ದಾರಿಯಲ್ಲಿ ಆಸ್ಟ್ರಿಯನ್ನರ ಎದುರು ಸೋತಿತು. ಫಿರಂಗಿಗಳಿಗೆ ಶಕ್ತಿ ಸಾಲದೆ ಸೋತದ್ದಲ್ಲ. ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿ ಅವು ಇರಲಿಲ್ಲ.

12 ಪೌಂಡರ್‌ನ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಫ್ರೆಂಚ್ ತೂಕದ ಲೆಕ್ಕದಲ್ಲಿ ಅದರ ಕಬ್ಬಿಣದ ಗುಂಡು ಸುಮಾರು 6 ಕೆ.ಜಿ. ತೂಗುತ್ತದೆ, 6 ಪೌಂಡರ್‌ನದು ಅದರ ಅರ್ಧ. ಆಟದಲ್ಲಿಯೂ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ನೆಲಕ್ಕೆ ಬಡಿದು ಪುಟಿದ ಗುಂಡು ಪದಾತಿಗಳ ಸಾಲನ್ನು ಹೊಕ್ಕರೆ, ಹಿಂದೆ ನಿಂತವರನ್ನೂ ಉರುಳಿಸಿಕೊಂಡು ಹೋಗುತ್ತದೆ. 1809ರ ವಾಗ್ರಾಮ್ ಯುದ್ಧದಲ್ಲಿ ನೆಪೋಲಿಯನ್ ನೂರಕ್ಕೂ ಹೆಚ್ಚು ಫಿರಂಗಿಗಳನ್ನು ಒಂದೆಡೆ ಸಾಲಾಗಿ ನಿಲ್ಲಿಸಿದ್ದನ್ನು ಓದಿದವರಿಗೆ ಆಟದಲ್ಲಿಯೂ ಹಾಗೆಯೇ ಮಾಡಬೇಕೆಂಬ ಆಸೆ ಹುಟ್ಟುವುದು ಸಹಜ, ಮತ್ತು ನನಗೂ ಹುಟ್ಟಿದ್ದು ಅದೇ ಆಸೆ.

ತೊಡಕಿರುವುದು ಒಂದು ಮೌಸ್ ಕ್ಲಿಕ್‌ನಲ್ಲಿ. ಫಿರಂಗಿ ದಳವನ್ನು ಆರಿಸಿದಾಗ ಅದರ ಗುಂಡು ಎಲ್ಲಿಯವರೆಗೆ ತಲುಪಬಲ್ಲದು ಎಂಬುದನ್ನು ತೋರಿಸುವ ಬೀಸಣಿಗೆಯಾಕಾರದ ಗಡಿಯೊಂದು ನೆಲದ ಮೇಲೆ ಮೂಡುತ್ತದೆ. ಶತ್ರು ಆ ಗಡಿಗಿಂತ ಕೆಲವೇ ಹೆಜ್ಜೆ ಆಚೆಗಿರುವಾಗ ನೀವು ಅವನ ಮೇಲೆ ದಾಳಿಯ ಆಜ್ಞೆ ಕೊಟ್ಟಿರೆಂದುಕೊಳ್ಳಿ. ಅವನು ಹತ್ತಿರ ಬರಲಿ ಎಂದು ಫಿರಂಗಿಗಳು ಕಾಯುವುದಿಲ್ಲ. ಹೂಡಿದ ಫಿರಂಗಿಗಳನ್ನೆಲ್ಲ ಎತ್ತಿ ಕುದುರೆಗಳಿಗೆ ಕಟ್ಟಿ, ಗುಂಡು ತಲುಪುವಷ್ಟು ದೂರ ಮುಂದಕ್ಕೆ ಹೋಗಿ, ಮತ್ತೆ ಬಿಚ್ಚಿ ಹೂಡಲು ತೊಡಗುತ್ತವೆ. ಫಿರಂಗಿಯವರು ಪಕ್ಕದಲ್ಲಿ ನಡೆದೇ ಹೋಗಬೇಕಾದ 12 ಪೌಂಡರ್ ದಳಕ್ಕೆ ಈ ಇಡೀ ಕೆಲಸ ಮುಗಿಯುವಷ್ಟರಲ್ಲಿ ಶತ್ರುವಿನ ಸಾಲು ನಿಮ್ಮ ಪದಾತಿಗಳ ಎದುರಿಗೇ ಬಂದು ನಿಂತಿರುತ್ತದೆ.

ವಿಯೆನ್ನಾದ ದಾರಿಯಲ್ಲಿ ನನಗಾದದ್ದು ಇದೇ. ನಾಲ್ಕೂ ದಳಗಳನ್ನು ಒಟ್ಟಿಗೆ ಆರಿಸಿ ಒಂದೇ ಕ್ಲಿಕ್‌ನಲ್ಲಿ ಗುರಿ ತೋರಿಸಿದ್ದೆ. ಎರಡು ದಳಗಳಿಗೆ ಆ ಗುರಿ ಗಡಿಯ ಒಳಗಿತ್ತು, ಉಳಿದೆರಡಕ್ಕೆ ಇರಲಿಲ್ಲ. ಒಳಗಿದ್ದವು ಗುಂಡು ಹಾರಿಸುತ್ತಿದ್ದುದರಿಂದ ಎಲ್ಲವೂ ಸರಿಯಾಗಿಯೇ ಇದೆಯೆಂದು ನಂಬಿ ನಾನು ಎಡಬದಿಯ ಅಶ್ವದಳದ ಕಡೆಗೆ ಗಮನ ಹರಿಸಿದೆ. ಮರಳಿ ನೋಡುವಾಗ ಇನ್ನೆರಡು ದಳಗಳು ನಮ್ಮ ಪದಾತಿ ಸಾಲನ್ನೇ ದಾಟಿ, ಕುದುರೆಗಳಿಗೆ ಕಟ್ಟಿದ ಸ್ಥಿತಿಯಲ್ಲಿಯೇ ಆಸ್ಟ್ರಿಯನ್ ಕುದುರೆ ಸವಾರರ ಕೈಗೆ ಸಿಕ್ಕಿದ್ದವು. ಬ್ಯಾಕ್‌ಸ್ಪೇಸ್ ಒತ್ತಿ ನಿಲ್ಲಿಸಿದೆನಾದರೂ ನಿಂತ ಜಾಗದಲ್ಲಿ ಮತ್ತೆ ಹೂಡುವಷ್ಟು ಸಮಯ ಉಳಿದಿರಲಿಲ್ಲ.

ಆ ನಂತರ ನಾನು ರೂಢಿಸಿಕೊಂಡ ಕ್ರಮ ಹೀಗಿದೆ. 12 ಪೌಂಡರ್‌ಗಳ ಜಾಗವನ್ನು ಯುದ್ಧ ಆರಂಭವಾಗುವ ಮೊದಲೇ, ಸೈನ್ಯವನ್ನು ನಿಲ್ಲಿಸುವ ಹಂತದಲ್ಲಿಯೇ, ನಿಶ್ಚಯಿಸಬೇಕು. ಗುರಿ ತೋರಿಸುವ ಆಜ್ಞೆಯನ್ನು ಆದಷ್ಟು ಕಡಿಮೆ ಮಾಡಿ, ತಾವಾಗಿ ಗುಂಡು ಹಾರಿಸಲು ಬಿಡಬೇಕು. ಗುರಿ ತೋರಿಸಲೇಬೇಕಾದರೆ ಒಂದೊಂದು ದಳವನ್ನೇ ಬೇರೆಯಾಗಿ ಆರಿಸಿ, ಗಡಿಯನ್ನು ಕಣ್ಣಾರೆ ನೋಡಿಕೊಂಡೇ ತೋರಿಸಬೇಕು. ಅವುಗಳ ಮುಂದೆ ನಮ್ಮ ಪದಾತಿಗಳನ್ನು ನಿಲ್ಲಿಸಬಾರದು, ಏಕೆಂದರೆ ತಗ್ಗಿನಲ್ಲಿ ಹಾರುವ ಗುಂಡು ನಮ್ಮವರನ್ನೂ ಕೊಲ್ಲುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿದರೆ ಈ ಫಿರಂಗಿ ಒಳ್ಳೆಯದೇ, ಆದರೆ ಯುದ್ಧದುದ್ದಕ್ಕೂ ಅಷ್ಟು ಎಚ್ಚರವನ್ನು ಒಂದೇ ಕಡೆ ಇಡುವುದು ನನ್ನಿಂದಾಗುವುದಿಲ್ಲ.

ಕುದುರೆ ಫಿರಂಗಿಯೂ ಗಡಿಯಾಚೆಗಿನ ಗುರಿಯ ಬೆನ್ನು ಹತ್ತಿ ಇದೇ ರೀತಿ ಹೊರಡುತ್ತದೆ. ಆದರೆ ಇಲ್ಲಿ ಫಿರಂಗಿಯವರೂ ಕುದುರೆಯ ಮೇಲಿರುವುದರಿಂದ ತಪ್ಪು ಆಜ್ಞೆ ಕೊಟ್ಟರೂ ಹಿಂದಕ್ಕೆ ಕರೆಸಿಕೊಳ್ಳಲು ಅವಕಾಶವಿರುತ್ತದೆ. ಇದರ ಗುಂಡು ಹಗುರ, 12 ಪೌಂಡರ್‌ನಷ್ಟು ದೂರ ಹೋಗದು. ದೂರದಿಂದ ಹೊಡೆದು ಶತ್ರುವನ್ನು ಸವೆಸುತ್ತೇನೆಂದು ಕೊಂಡವರಿಗೆ ನಿರಾಶೆಯಾಗುತ್ತದೆ. ಇದರ ನಿಜವಾದ ಉಪಯೋಗ ಹತ್ತಿರದಲ್ಲಿದೆ. ಎರಡೂ ಕಡೆಯ ಪದಾತಿಗಳು ಎದುರೆದುರು ನಿಂತು ಬಂದೂಕು ಹಾರಿಸುತ್ತಿರುವಾಗ, ಎರಡು ಕುದುರೆ ಫಿರಂಗಿ ದಳಗಳನ್ನು ಸುತ್ತುಹಾಕಿಸಿ ಶತ್ರುವಿನ ಸಾಲಿನ ತುದಿಗೆ ತಂದು ಹೂಡಿ, ಕ್ಯಾನಿಸ್ಟರ್‌ಗೆ (ಹತ್ತಿರದಿಂದ ಸಣ್ಣ ಗುಂಡುಗಳನ್ನು ಚೆದುರಿಸುವ ಡಬ್ಬಿಗೆ) ಬದಲಾಯಿಸಿದರೆ, ಒಂದೆರಡು ಸುತ್ತುಗಳಲ್ಲಿಯೇ ಆ ತುದಿ ಕುಸಿದು ಓಡತೊಡಗುತ್ತದೆ. 1807ರ ಜೂನ್ 14ರಂದು ಫ್ರೀಡ್ಲಾಂಡ್ ಯುದ್ಧದಲ್ಲಿ ಫ್ರೆಂಚ್ ಜನರಲ್ ಸೆನಾರ್ಮೋಂ ಸುಮಾರು 30 ಫಿರಂಗಿಗಳನ್ನು ಹಂತಹಂತವಾಗಿ ಮುಂದೊಯ್ದು, ಕೊನೆಗೆ ರಷ್ಯನ್ನರಿಂದ 60 ಹೆಜ್ಜೆ ದೂರದಲ್ಲಿ ನಿಲ್ಲಿಸಿ ಕ್ಯಾನಿಸ್ಟರ್ ಹಾರಿಸಿದ. ಫಿರಂಗಿ ಪದಾತಿಯ ಹಿಂದೆ ನಿಂತು ನೆರವಾಗುವುದಷ್ಟೇ ಅಲ್ಲ, ತಾನೇ ಮುಂದೆ ಹೋಗಿ ಆಕ್ರಮಣ ಮಾಡಬಲ್ಲದು ಎಂಬುದನ್ನು ತೋರಿಸಿದ ಈ ಪ್ರಸಂಗವನ್ನು ಆಟದಲ್ಲಿ ಮರಳಿ ಮಾಡಲು ಕುದುರೆ ಫಿರಂಗಿಗಿಂತ ತಕ್ಕ ಸಾಧನವಿಲ್ಲ. ಜೊತೆಗೊಂದು ಅಶ್ವದಳವನ್ನು ಕಾವಲಿಗೆ ಕಳುಹಿಸುವುದನ್ನು ಮಾತ್ರ ಮರೆಯಬಾರದು.

ಹೋವಿಟ್ಜರ್ ನಮ್ಮ ಪದಾತಿಗಳ ತಲೆಯ ಮೇಲಿಂದ ಶೆಲ್‌ಗಳನ್ನು (ಸಿಡಿಯುವ ಗುಂಡುಗಳನ್ನು) ಎಸೆಯುತ್ತದೆ ಎಂಬುದು ದೊಡ್ಡ ಅನುಕೂಲ. 1815ರಲ್ಲಿ ವಾಟರ್‌ಲೂನಲ್ಲಿ ವೆಲ್ಲಿಂಗ್ಟನ್ ಮಾಡಿದಂತೆ ಎದುರಾಳಿ ದಿಬ್ಬದ ಹಿಂಬದಿಯಲ್ಲಿ ಸೈನ್ಯವನ್ನು ಮರೆಮಾಡಿದ್ದರೆ, ನೇರವಾಗಿ ಹೊಡೆಯುವ ಫಿರಂಗಿಗಳಿಗೆ ಆಗದ ಕೆಲಸವನ್ನು ಇದು ಮಾಡಬಲ್ಲದು. ಆದರೆ ನಡೆಯುತ್ತಿರುವ ದಳದ ಮೇಲೆ ಇದರ ಶೆಲ್‌ಗಳು ಬೀಳುವುದು ಅಪರೂಪ. ನಿಂತಿರುವ ಗುರಿಗೆ, ಕೋಟೆಯ ಮುತ್ತಿಗೆಗೆ ಒಂದು ದಳ ಸಾಕು.

ಯಾವ ಫಿರಂಗಿ ದಳವನ್ನು ಆರಿಸಿದರೂ, ಕೊಳ್ಳುವ ಬೆಲೆಗಿಂತ ಪ್ರತಿ ಟರ್ನ್‌ನಲ್ಲಿ ತೆರಬೇಕಾದ ನಿರ್ವಹಣಾ ವೆಚ್ಚವೇ ಹೆಚ್ಚು ಕಾಡುತ್ತದೆ.

ನಾನು ಆಡುವುದು ರಾತ್ರಿ ಊಟದ ನಂತರ, ಒಂದು ಗಂಟೆಯಷ್ಟು ಹೊತ್ತು. ಯುದ್ಧಗಳನ್ನು ಕಂಪ್ಯೂಟರಿನ ಲೆಕ್ಕಾಚಾರಕ್ಕೆ ಬಿಡದೆ ನಾನೇ ನಡೆಸುತ್ತೇನೆ, ಮತ್ತು ಶತ್ರು ಬರಲಿ ಎಂದು ಕಾಯುವುದಕ್ಕಿಂತ ಮೇಲೇರಿ ಹೋಗುವುದೇ ನನ್ನ ಅಭ್ಯಾಸ. ಇಂಥ ಆಟಗಾರನಿಗೆ 12 ಪೌಂಡರ್ ಹೊಂದುವುದಿಲ್ಲ. ದಿಬ್ಬ ಹಿಡಿದು ಕುಳಿತು ಎದುರಾಳಿಯನ್ನು ತನ್ನತ್ತ ಬರುವಂತೆ ಮಾಡುವ ತಾಳ್ಮೆಯುಳ್ಳವರು ಅದನ್ನೇ ಕೊಳ್ಳಲಿ, ಅವರಿಗೆ ಅದರಿಂದ ಖಂಡಿತ ಲಾಭವಿದೆ. ಒಂದು ಸೈನ್ಯದಲ್ಲಿ 20 ದಳಗಳಿಗಷ್ಟೇ ಜಾಗವಿರುವುದರಿಂದ ಈಗ ನಾನು ಕುದುರೆ ಫಿರಂಗಿಯ ಎರಡು ದಳಗಳನ್ನೂ ಹೋವಿಟ್ಜರಿನ ಒಂದು ದಳವನ್ನೂ ಇಟ್ಟುಕೊಂಡು, ನಾಲ್ಕನೆಯದಕ್ಕೆ ಕೊಡುತ್ತಿದ್ದ ಹಣದಲ್ಲಿ ಪದಾತಿಗಳನ್ನು ಸೇರಿಸಿಕೊಳ್ಳುತ್ತೇನೆ. ಅದೇ ಕ್ಯಾಂಪೇನಿನಲ್ಲಿ ಈ ಜೋಡಣೆಯೊಂದಿಗೆ ಮತ್ತೆ ಹೊರಟಾಗ ವಿಯೆನ್ನಾ ನನ್ನ ವಶವಾಯಿತು.