ಇಗ್ನೋ ಬಿ.ಎಸ್.ಡಬ್ಲ್ಯೂ: ಸೇರಿ, ಆದರೆ ಸೂಪರ್‌ವೈಸರ್ ಯಾರು ಅಂತ ಮೊದಲು ಕೇಳಿ

ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಅಂಗವಿಕಲರ ಮನೆಗೆ ಹೋಗುವುದು, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸುವುದು, ಪಿಂಚಣಿ ಅರ್ಜಿ ಹಿಡಿದು ನಾಡಕಚೇರಿಗೆ ಓಡಾಡುವುದು, ಪಂಚಾಯಿತಿಯ ಶೇ 5ರ ಅನುದಾನ ಅವರಿಗೇ ಖರ್ಚಾಗುವಂತೆ ಬೆನ್ನು ಹತ್ತುವುದು ನನ್ನ ಕೆಲಸ. ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ನನಗೂ ಪೋಲಿಯೊದಿಂದ ಎಡಗಾಲಿನಲ್ಲಿ ಬಲ ಇಲ್ಲ. ಪಿಯುಸಿ ಆದ ಮೇಲೆ ಓದು ನಿಂತಿತ್ತು. ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಹಾಗಿರಲಿಲ್ಲ. ಹಾಗಾಗಿ ಇಗ್ನೋದ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಬಿ.ಎಸ್.ಡಬ್ಲ್ಯೂಗೆ (ದೂರಶಿಕ್ಷಣದಲ್ಲಿ ಓದುವ ಸಮಾಜಕಾರ್ಯದ ಪದವಿ) ಸೇರಿದೆ.

ಈಗ ಅಕ್ಕಪಕ್ಕದ ಪಂಚಾಯಿತಿಯ ವಿ.ಆರ್.ಡಬ್ಲ್ಯೂಗಳು, ಆಶಾ ಅಕ್ಕಂದಿರು, ಅಂಗನವಾಡಿ ಟೀಚರುಗಳು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಹೆಂಗೈತ್ರಿ ಕೋರ್ಸು? ಮನ್ಯಾಗ ಕುಂತು ಓದಿದ್ರ ಬರತೈತೇನ್ರಿ ಇದು?" ಪುಸ್ತಕದ ಭಾಗ ಮನೆಯಲ್ಲಿ ಕೂತು ಓದಿದರೆ ಬರುತ್ತದೆ. ಕೌಶಲ ಮಾತ್ರ ಹಾಗೆ ಬರುವುದಿಲ್ಲ. ಅದು ಬರುವುದು ಫೀಲ್ಡ್‌ವರ್ಕ್‌ನಲ್ಲಿ, ಅಂದರೆ ಒಂದು ಸಂಸ್ಥೆಯ ಮೂಲಕ ಜನರ ನಡುವೆ ಹೋಗಿ ಕೆಲಸ ಮಾಡಿ ಡೈರಿ ಬರೆಯುವ ಭಾಗದಲ್ಲಿ. ಅದೂ ನೀವು ಬರೆದ ಡೈರಿಯನ್ನು ಸಾಲು ಸಾಲಾಗಿ ಓದುವ ಒಬ್ಬ ಸೂಪರ್‌ವೈಸರ್ ಸಿಕ್ಕರೆ. ನನಗೆ ಸಿಕ್ಕರು. ಅದಕ್ಕೇ ಈ ಕೋರ್ಸಿನ ಬಗ್ಗೆ ಇಷ್ಟು ಪ್ರೀತಿಯಿಂದ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಕೇಳುವ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಇಗ್ನೋ 1985ರ ಕಾಯ್ದೆಯಿಂದ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯ. "ದೂರಶಿಕ್ಷಣದ ಡಿಗ್ರಿ ನಡೆಯುತ್ತಾ?" ಅನ್ನುವವರಿಗೆ: ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣದ ಡಿಗ್ರಿ ಮಾಮೂಲಿ ಕಾಲೇಜಿನ ಡಿಗ್ರಿಗೆ ಸಮ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ. ಕೋರ್ಸ್ ಕಡಿಮೆ ಅಂದರೂ ಮೂರು ವರ್ಷ. ಮನೆ, ಕೆಲಸ, ಬಾಣಂತನ ಅಂತ ತಡವಾದರೆ ಆರು ವರ್ಷದವರೆಗೆ ಸಮಯ ಇದೆ. ನಮ್ಮಂಥ ಹೆಣ್ಣುಮಕ್ಕಳಿಗೆ ಈ ಒಂದು ಅನುಕೂಲವೇ ದೊಡ್ಡದು. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಥಿಯರಿ ವಿಷಯಗಳಲ್ಲಿ ಅಸೈನ್‌ಮೆಂಟಿಗೆ ಶೇ 30, ಪರೀಕ್ಷೆಗೆ ಶೇ 70. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು ಅಂತ ಅವರ ಲೆಕ್ಕ. ಕ್ರೆಡಿಟ್ ಎಷ್ಟಿದೆ ಅಂತ ನೋಡಿ ಗುಣಿಸಿ, ಬಂದ ಗಂಟೆಗಳನ್ನು ನಿಮ್ಮ ಹತ್ತಿರ ಇರುವ ದಿನಗಳಿಗೆ ಹಂಚಿದರೆ ದಿನಕ್ಕೆ ಎಷ್ಟು ಹೊತ್ತು ಕೂರಬೇಕು ಅನ್ನುವುದು ಗೊತ್ತಾಗುತ್ತದೆ. ಆ ಲೆಕ್ಕ ಸುಳ್ಳಲ್ಲ, ಅಷ್ಟು ಹೊತ್ತು ಬೇಕೇ ಬೇಕು.

ದುಡ್ಡು ಕಟ್ಟುವ ಮೊದಲು ಇನ್ನೊಂದು ಕೆಲಸ ಮಾಡಿ. ಇಗ್ನೋದ ಪಾಠದ ಪುಸ್ತಕಗಳು ಇಜ್ಞಾನಕೋಶ ಅನ್ನುವ ಅವರದೇ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಒಂದೆರಡು ಘಟಕ ಫೋನಿನಲ್ಲೇ ಓದಿ ನೋಡಿ. ನಿಮಗೆ ಆಗುತ್ತದೋ ಇಲ್ಲವೋ ಅನ್ನುವುದು ಅಲ್ಲೇ ತಿಳಿಯುತ್ತದೆ. ಆಗದಿದ್ದರೂ ಬೇಜಾರಿಲ್ಲ, ಪೈಸೆ ಖರ್ಚಿಲ್ಲ.

ಇನ್ನು ಓದಿನ ವಿಷಯ. ಸಮಾಜಕಾರ್ಯದ ಇತಿಹಾಸದ ಪಾಠಗಳನ್ನು ನಾನು ಆಸಕ್ತಿಯಿಂದಲೇ ಓದಿದೆ. 1936ರಲ್ಲಿ ಮುಂಬಯಿಯಲ್ಲಿ ಶುರುವಾದ ಟಾಟಾ ಶಾಲೆಯಿಂದ ನಮ್ಮ ದೇಶದಲ್ಲಿ ಇದನ್ನು ಒಂದು ವೃತ್ತಿಯಾಗಿ ಕಲಿಸುವುದು ಹೇಗೆ ಬೆಳೆಯಿತು ಅನ್ನುವುದು ತಿಳಿದಾಗ, ನಮ್ಮ ಕೆಲಸಕ್ಕೂ ಒಂದು ಹಿನ್ನೆಲೆ ಇದೆ ಅನ್ನುವ ಧೈರ್ಯ ಬಂತು. ಆದರೆ ಕೋರ್ಸಿನ ಜೀವ ಇರುವುದು ಕೇಸ್‌ವರ್ಕ್ (ಒಬ್ಬ ವ್ಯಕ್ತಿ ಅಥವಾ ಒಂದು ಮನೆಯ ಜೊತೆಗಿನ ಕೆಲಸ) ಮತ್ತು ಗ್ರೂಪ್‌ವರ್ಕ್ (ಗುಂಪಿನ ಜೊತೆಗಿನ ಕೆಲಸ) ಭಾಗದಲ್ಲಿ.

ಫೆಲಿಕ್ಸ್ ಬೀಸ್ಟೆಕ್ ಅಂತ ಅಮೆರಿಕದ ಪಾದ್ರಿಯೊಬ್ಬರು 1957ರಲ್ಲಿ ಕೇಸ್‌ವರ್ಕ್‌ಗೆ ಏಳು ತತ್ವ ಬರೆದಿಟ್ಟರು. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ನೋಡು, ಭಾವನೆ ಹೊರಗೆ ಬರಲು ಬಿಡು, ನಿನ್ನ ಭಾವನೆ ಹತೋಟಿಯಲ್ಲಿಡು, ಇದ್ದ ಹಾಗೆ ಒಪ್ಪಿಕೋ, ತೀರ್ಪು ಕೊಡಬೇಡ, ನಿರ್ಧಾರ ಅವರಿಗೇ ಬಿಡು, ಗುಟ್ಟು ಕಾಪಾಡು. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಲು ಒಂದು ಸಂಜೆ ಸಾಕು. ನಮ್ಮ ಹಳ್ಳಿಯಲ್ಲಿ ಮಾಡಿ ತೋರಿಸುವುದು ಬೇರೆಯೇ ಮಾತು.

ಗುಟ್ಟು ಕಾಪಾಡುವುದನ್ನೇ ನೋಡಿ. ಒಂದು ಪ್ರತ್ಯೇಕ ಕೋಣೆಯಲ್ಲಿ ಇಬ್ಬರೇ ಕೂತು ಮಾತಾಡಬೇಕು ಅಂತ ಓದುತ್ತೇವೆ. ನಾನು ಒಂದು ಮನೆಯ ಕಟ್ಟೆ ಮೇಲೆ ಕೂತರೆ ಐದು ನಿಮಿಷದಲ್ಲಿ ಓಣಿಯ ಅರ್ಧ ಜನ ಸೇರುತ್ತಾರೆ. "ಯಾವ ರೊಕ್ಕ ಬಂದೈತ್ರಿ?" ಅಂತ ಒಬ್ಬರು, "ನಮ್ಮದೂ ಬರ್ಕೊಳ್ರಿ" ಅಂತ ಇನ್ನೊಬ್ಬರು. ಅಲ್ಲಿ ಒಬ್ಬ ತಾಯಿ ತನ್ನ ಮಗಳ ಫಿಟ್ಸ್ ಬಗ್ಗೆ ಹೇಗೆ ಬಾಯಿ ಬಿಡುತ್ತಾಳೆ? ಇದನ್ನು ಸೂಪರ್‌ವೈಸರ್ ಮೇಡಂ ಹತ್ತಿರ ಹೇಳಿದೆ. ಅವರು ಹಳ್ಳಿಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವರು. "ಅವರು ನೀರಿಗೆ ಹೋಗುವಾಗ, ಹೊಲಕ್ಕೆ ಹೋಗುವಾಗ ಜೊತೆಗೆ ನಡೆಯಮ್ಮ. ನಡೆಯುತ್ತಾ ಮಾತಾಡುವವರ ಹಿಂದೆ ಯಾರೂ ಬರುವುದಿಲ್ಲ" ಅಂದರು. ನನ್ನ ಕಾಲಿಗೆ ಜೋರಾಗಿ ನಡೆಯಲು ಆಗುವುದಿಲ್ಲ. ಆದರೆ ನಾನು ನಿಧಾನ ನಡೆದಷ್ಟೂ ಅವರು ಜಾಸ್ತಿ ಹೊತ್ತು ಮಾತಾಡುತ್ತಾರೆ. ಇದನ್ನು ನಾನು ಕಲಿತದ್ದು ಮೇಡಂ ಹತ್ತಿರ ಕೂತಾಗ.

ನನ್ನ ಮಟ್ಟಿಗೆ ಇಡೀ ಕೋರ್ಸಿನ ಬೆಲೆ ಇರುವುದು ಡೈರಿಯಲ್ಲಿ. ಮೇಡಂ ನಮ್ಮಿಂದ ಬರೆಸುತ್ತಿದ್ದ ರೀತಿ ಹೀಗೆ: ಅವರು ಏನು ಹೇಳಿದರು, ನಾನು ಏನು ಹೇಳಿದೆ, ಆಗ ನನಗೆ ಒಳಗೆ ಏನನಿಸಿತು, ಅದರ ಹಿಂದೆ ಏನಿದೆ ಅಂತ ನನಗೆ ಕಾಣುತ್ತದೆ. ನೋಡಿದ್ದು ಬೇರೆ, ಅಂದುಕೊಂಡಿದ್ದು ಬೇರೆ, ಎರಡನ್ನೂ ಒಂದೇ ಸಾಲಿಗೆ ಸೇರಿಸುವ ಹಾಗಿಲ್ಲ. ಹೆಸರು ಬದಲಿಸಿ ಬರೆಯಬೇಕು, ಊರಿನ ಹೆಸರೂ ಹಾಕುವ ಹಾಗಿಲ್ಲ.

ಒಂದು ಸಲ ಬ್ಯಾಡಗಿ ಕಡೆಯ ಒಬ್ಬ ತಾಯಿಯ ಮನೆಗೆ ಹೋದದ್ದನ್ನು ಬರೆದಿದ್ದೆ. ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬರದ ಸ್ಥಿತಿ. ಅವರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಕೂತಿದ್ದರು. ಸೀಸನ್ನಿನಲ್ಲಿ ಅಲ್ಲಿ ಎಷ್ಟೋ ಹೆಂಗಸರಿಗೆ ಅದೇ ಕೂಲಿ. ಕಾರ್ಡು, ಪಿಂಚಣಿ, ಫಿಸಿಯೋಥೆರಪಿ ಅಂತೆಲ್ಲ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಬರೆದು, ಒಂದು ಕಡೆ "ಸ್ವಲ್ಪ ಹೊತ್ತು ಸುಮ್ಮನಿದ್ದರು" ಅಂತ ಸೇರಿಸಿದ್ದೆ. ಮೇಡಂ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಕೇಳಿದ್ದರು: "ಆಗ ಅವರ ಕೈ ಏನು ಮಾಡುತ್ತಿತ್ತು?"

ನೆನಪಿಸಿಕೊಂಡೆ. ಪಿಂಚಣಿ ಬಗ್ಗೆ ಮಾತಾಡುವಾಗ ಕೈ ನಿಂತಿರಲಿಲ್ಲ. ಕಾರ್ಡಿನ ಬಗ್ಗೆ ಹೇಳುವಾಗಲೂ ತೊಟ್ಟು ಬೀಳುತ್ತಲೇ ಇತ್ತು. "ರಾತ್ರಿ ಹೊತ್ತು ಯಾರು ನೋಡ್ಕೋತಾರ್ರಿ ಅಕ್ಕಾ ಇವನ್ನ?" ಅಂತ ನಾನು ಕೇಳಿದಾಗ ಕೈ ನಿಂತಿತ್ತು. ಆಮೇಲೆ "ನನ್ನ ನಿದ್ದಿ ಬಗ್ಗೆ ಯಾರೂ ಕೇಳಿಲ್ಲ ಬಿಡ್ರಿ" ಅಂದಿದ್ದರು. ಮುಂದಿನ ಸಲ ಹೋದಾಗ ಫಾರ್ಮ್ ಚೀಲದಲ್ಲೇ ಉಳಿಯಿತು. ರಾತ್ರಿಯ ಬಗ್ಗೆಯೇ ಮಾತಾಡಿದೆವು. ವಾರದಲ್ಲಿ ಎರಡು ರಾತ್ರಿ ಹುಡುಗನ ಹತ್ತಿರ ಅವರ ಅತ್ತಿಗೆ ಮಲಗುವುದು ಅಂತ ಅವರೇ ಮನೆಯಲ್ಲಿ ಮಾತಾಡಿ ಮಾಡಿಕೊಂಡರು. ನಿರ್ಧಾರ ಅವರಿಗೇ ಬಿಡು ಅನ್ನುವ ಆ ಆರನೇ ತತ್ವ ನನಗೆ ಸರಿಯಾಗಿ ಅರ್ಥವಾದದ್ದು ಆವತ್ತು.

ನನ್ನಂಥವರಿಗೆ ಇನ್ನೊಂದು ವಿಷಯ ಬಹಳ ಮುಖ್ಯ. ಭಾವನೆ ಹತೋಟಿಯಲ್ಲಿಡು ಅನ್ನುತ್ತಾರಲ್ಲ, ನಾನೇ ಅಂಗವಿಕಲೆ. ತಾಯಂದಿರು ನನ್ನ ಕಾಲಿನ ಕ್ಯಾಲಿಪರ್ (ಆಧಾರದ ಪಟ್ಟಿ) ನೋಡಿ, "ನೀವು ಹೆಂಗ ಓದಿದ್ರಿ? ನಿಮ್ಮವ್ವ ಏನ್ ಮಾಡಿದ್ರು?" ಅಂತ ಕೇಳುತ್ತಾರೆ. ನನ್ನ ಕಥೆ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು? ಮೇಡಂ ಒಂದು ದಾರಿ ಹೇಳಿಕೊಟ್ಟರು. ಹೇಳುವ ಮೊದಲು, ಇದು ಅವರಿಗೆ ಬೇಕಾ, ನನಗೆ ಬೇಕಾ ಅಂತ ಒಳಗೇ ಕೇಳಿಕೊಳ್ಳುವುದು. ಅವರಿಗೆ ಬೇಕಾದಷ್ಟು ಹೇಳಿ ಮತ್ತೆ ಮಾತನ್ನು ಅವರ ಮಗುವಿನ ಕಡೆಗೇ ತರುವುದು. ಈಗಲೂ ಇದನ್ನೇ ಮಾಡುತ್ತೇನೆ.

ಕೊರತೆಗಳೂ ಇವೆ, ದೊಡ್ಡವೇ. ಮೊದಲನೆಯದು ಭಾಷೆ. ಓದು, ಬರಹ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಳ್ಳಿಯ ಹುಡುಗಿಗೆ ಇದು ದೊಡ್ಡ ಗೋಡೆ. ಜನ ಮಾತಾಡುವುದು ಕನ್ನಡದಲ್ಲಿ, ಅದನ್ನು ಇಂಗ್ಲಿಷಿಗೆ ತಂದು ಡೈರಿ ಬರೆಯುವಾಗ ಮಾತಿನ ಬಿಸಿಯೇ ಆರಿಹೋಗುತ್ತದೆ. ನಾನು ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಅವರ ಮಾತನ್ನು ಇದ್ದ ಹಾಗೇ ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಇಂಗ್ಲಿಷ್ ಮಾಡುತ್ತಿದ್ದೆ. ಕೆಲಸ ಎರಡರಷ್ಟು, ಆದರೆ ಇದನ್ನು ಬಿಡಬೇಡಿ. ಈ ಕೋರ್ಸ್ ಕನ್ನಡದಲ್ಲಿ ಬಂದರೆ ರಾಜ್ಯದ ಪ್ರತಿ ಪಂಚಾಯಿತಿಯಲ್ಲಿ ಇದನ್ನು ಓದಿ ಉಪಯೋಗಿಸುವ ಜನ ಇದ್ದಾರೆ. ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ.

ಎರಡನೆಯದು ಅಭ್ಯಾಸ. ಕೇಳಿಸಿಕೊಳ್ಳುವುದನ್ನು ಒಬ್ಬರೇ ಕೂತು ಕಲಿಯಲು ಆಗುವುದಿಲ್ಲ. ಎದುರಿಗೆ ಯಾರೂ ಇಲ್ಲದೆ ಕೌನ್ಸೆಲಿಂಗ್ ಓದುವುದು ದಡದಲ್ಲಿ ಕೂತು ಈಜು ಕಲಿತ ಹಾಗೆ. ಅಧ್ಯಯನ ಕೇಂದ್ರದಲ್ಲಿ ನಡೆಯುವ ಸಂಪರ್ಕ ತರಗತಿಗಳು ಕಡಿಮೆ, ಬಹುತೇಕ ರಜಾದಿನಗಳಲ್ಲಿ. ನನಗಂತೂ ಎರಡು ಬಸ್ ಬದಲಿಸಬೇಕಿತ್ತು. ಹಾಗಾಗಿ ನಾವು ಮೂವರು ಹೆಣ್ಣುಮಕ್ಕಳು ಒಂದು ಏರ್ಪಾಡು ಮಾಡಿಕೊಂಡೆವು. ಭಾನುವಾರ ಸಂಜೆ ಫೋನಿನಲ್ಲಿ ಒಬ್ಬಳು ತನ್ನ ನಿಜವಾದ ಒಂದು ಚಿಂತೆ ಹೇಳುವುದು, ಇನ್ನೊಬ್ಬಳು ಕೇಳುವುದು, ಮೂರನೆಯವಳು ಸುಮ್ನೆ ಗಮನಿಸಿ ಕೊನೆಗೆ ಹೇಳುವುದು: ಎಲ್ಲಿ ಬೇಗ ಸಲಹೆ ಕೊಟ್ಟೆ, ಎಲ್ಲಿ ಮಾತಿಗೆ ಅಡ್ಡ ಬಂದೆ. ಇದು ಯಾವ ಸಿಲಬಸ್ಸಿನಲ್ಲೂ ಇಲ್ಲ. ಆದರೆ ಇದಿಲ್ಲದೆ ಕೋರ್ಸ್ ಮುಗಿಸಿದವರನ್ನೂ ನೋಡಿದ್ದೇನೆ. ಉತ್ತರ ಪತ್ರಿಕೆ ಚೆನ್ನಾಗಿ ಬರೆಯುತ್ತಾರೆ, ಜನರ ಎದುರು ಕೂತರೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾರೆ.

ಮೂರನೆಯದು ಫೀಲ್ಡ್‌ವರ್ಕ್ ಕೊಡುವ ಸಂಸ್ಥೆ. ನಾನು ಮೊದಲು ಹೋದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ನಮ್ಮನ್ನು ಕೂರಿಸಿ ಸರ್ವೆ ಫಾರ್ಮ್ ತುಂಬಿಸಿದರು, ಕಂಪ್ಯೂಟರಿಗೆ ಏರಿಸಿದರು. ಒಂದು ಮನೆಗೂ ಕಳಿಸಲಿಲ್ಲ. ಸಹಿ ಮಾತ್ರ ತಕರಾರಿಲ್ಲದೆ ಹಾಕಿಕೊಟ್ಟರು. ಮೇಡಂಗೆ ತಿಳಿಸಿದ ಮೇಲೆ ಅವರೇ ಬೇರೆ ಕಡೆ ಮಾತಾಡಿ ಬದಲಿಸಿಕೊಟ್ಟರು. ಸುಲಭವಾಗಿ ಸಹಿ ಸಿಗುತ್ತದೆ ಅಂತ ಖುಷಿ ಪಟ್ಟರೆ ನಿಮ್ಮ ಮೂರು ವರ್ಷ ನೀರಲ್ಲಿ ಹೋಮ.

ಇನ್ನೊಂದು ಸಣ್ಣ ಎಚ್ಚರಿಕೆ. ಕಾಯ್ದೆ, ಯೋಜನೆಗಳ ವಿಷಯಕ್ಕೆ ಅಚ್ಚಾದ ಪುಸ್ತಕ ಒಂದನ್ನೇ ನಂಬಬೇಡಿ. ಪುಸ್ತಕ ಅಚ್ಚಾದ ಮೇಲೆ ಕಾಯ್ದೆ ಬದಲಾಗಬಹುದು. ನಮ್ಮದೇ ನೋಡಿ: 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಆಯಿತು. ಮನೆಯಲ್ಲಿ ಆ್ಯಸಿಡ್ ದಾಳಿಗೆ ಒಳಗಾದವರು ಇದ್ದರೆ, ತಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಮಗು ಇದ್ದರೆ, ಈ ವ್ಯತ್ಯಾಸದಿಂದ ಅವರ ಬದುಕೇ ಬೇರೆಯಾಗುತ್ತದೆ.

ಯಾರು ಸೇರಬೇಕು? ಈಗಾಗಲೇ ಜನರ ನಡುವೆ ಕೆಲಸ ಮಾಡುತ್ತಿರುವವರು ಕಣ್ಣು ಮುಚ್ಚಿ ಸೇರಬಹುದು. ದಿನಾ ಮಾಡುವ ಕೆಲಸವನ್ನೇ ನಿಂತು ನೋಡಲು ಇದು ಕಲಿಸುತ್ತದೆ. ಹದಿನೆಂಟು ವರ್ಷದವರು, ಕಾಲೇಜಿಗೆ ಹೋಗುವ ಅನುಕೂಲ ಇರುವವರು ಮಾತ್ರ ದಿನಾ ತರಗತಿ ಇರುವ ಕಡೆಯೇ ಸೇರಿ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ, ಅಂಥ ಕಡೆ ಸಹಪಾಠಿಗಳಿಂದ ಕಲಿಯುವುದೇ ಬಹಳ ಇರುತ್ತದೆ. ಇನ್ನು ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳ ಜೊತೆ ಕೆಲಸ ಮಾಡುವ ಆಸೆ ಇದ್ದರೆ ಬಿ.ಎಸ್.ಡಬ್ಲ್ಯೂ ಬರೀ ಮೊದಲ ಮೆಟ್ಟಿಲು, ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಆದ ಮೇಲೂ ಓದು ಬಾಕಿ ಇರುತ್ತದೆ.

ಪ್ರವೇಶ ಜನವರಿ ಮತ್ತು ಜುಲೈ ಸರದಿಯಲ್ಲಿ ನಡೆಯುತ್ತದೆ. ಆನ್‌ಲೈನ್ ಅರ್ಜಿಗೆ ಈಗ ಡೆಬ್ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ) ಬೇಕು, ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿ ಹಾಕುವ ಮುಂಚೆ ನಿಮಗೆ ಹತ್ತಿರದ ಅಧ್ಯಯನ ಕೇಂದ್ರಕ್ಕೆ ಒಮ್ಮೆ ಹೋಗಿ. ಬಿ.ಎಸ್.ಡಬ್ಲ್ಯೂ ಅಲ್ಲಿ ಇದೆಯಾ, ಫೀಲ್ಡ್‌ವರ್ಕ್ ಸೂಪರ್‌ವೈಸರ್ ಯಾರು, ಅವರು ಡೈರಿ ಓದಿ ಬರೆದು ಕೊಡುತ್ತಾರಾ, ಬರೀ ಸಹಿ ಹಾಕುತ್ತಾರಾ ಅಂತ ಕೇಳಿ. ಹಳೆಯ ವಿದ್ಯಾರ್ಥಿ ಯಾರಾದರೂ ಸಿಕ್ಕರೆ ಅವರ ಡೈರಿಯನ್ನು ಕೇಳಿ ತಿರುವಿ ನೋಡಿ. ಪುಟದ ಪಕ್ಕದಲ್ಲಿ ಕೆಂಪು ಶಾಯಿ ಕಂಡರೆ ಆವತ್ತೇ ಶುಲ್ಕ ಕಟ್ಟಿ.